ದವಾಖಾನೆ ಗಾಡಿ ಬೇಡವೆಂದ ನರ್ಸಮ್ಮ

ನರ್ಸಮ್ಮನವರ ಮಣ್ಣಿಗೆ ಹೋಗಿ ಬಂದು ಹದಿನೈದು ದಿನವಾಯಿತು. ಆವತ್ತು ಸಿರುಗುಪ್ಪದ ಅವರ ಮನೆಯ ಪಡಸಾಲೆಯಲ್ಲಿ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಸೀರೆ. ನಾನು ಒಳಗೆ ಕಾಲಿಟ್ಟಾಗ ನಮ್ಮ ತಾಲ್ಲೂಕು ಬೋರ್ಡಿನ ಹಳೆಯ ಅಧ್ಯಕ್ಷರು ಬಗಲಚೀಲದಿಂದ ಪಕ್ಷದ ಬಾವುಟ ತೆಗೆಯುತ್ತಿದ್ದರು. ಅವರಿಗೀಗ ಎಪ್ಪತ್ತು ದಾಟಿದೆ. ಪಕ್ಕದಲ್ಲಿದ್ದ ಪಕ್ಷದ ಕಾರ್ಯದರ್ಶಿ ಬಗ್ಗಿ ಮೆಲ್ಲಗೆ ಹೇಳಿದ:

"ಅಣ್ಣಾರ, ನರ್ಸಮ್ಮಾರನ್ನ ಪಾರ್ಟಿಯಿಂದ ಅಮಾನತು ಮಾಡಿತ್ತಲ್ರಿ. ಅದನ್ನ ವಾಪಸ್ ತಗೊಂಡಿದ್ದು ಕಾಗದದಾಗ ಎಲ್ಲೂ ಇಲ್ರಿ."

"ಆ ಕಾಗದಕ್ಕ ಸಹಿ ಹಾಕಿದಾವ ನಾನ," ಎಂದರು ಅಧ್ಯಕ್ಷರು. "ಈಗ ಬಾವುಟ ಹೊಚ್ಚಾವನೂ ನಾನ. ದೂರು ಕೊಡೋದಿದ್ರ ನನ್ನ ಮ್ಯಾಲ ಕೊಡು."

ಬಾವುಟದ ಒಂದು ತುದಿ ಮಡಚಿಕೊಂಡಿತ್ತು. ಅದನ್ನು ಬಿಡಿಸಿ ಸರಿಮಾಡಿ ಹೊದಿಸಿ, ಅವರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು.

ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ನರ್ಸಮ್ಮ ಎಂದರೆ ಸಾಕಿತ್ತು.

ಹುಟ್ಟಿದ್ದು ಕುರುಗೋಡಿನ ಒಂದು ಶೈವ ಮನೆತನದಲ್ಲಿ. ಹದಿನೆಂಟು ತುಂಬುವುದರೊಳಗೆ ಗಂಡ ತೀರಿಕೊಂಡ. ಬಳ್ಳಾರಿಗೆ ಹೋಗಿ ಹೆರಿಗೆ ಮಾಡಿಸುವ ತರಬೇತಿ ಪಡೆದು ಬಂದಾಗ ಅತ್ತೆಮನೆಯವರು, ಕಂಡ ಕಂಡ ಜಾತಿಯವರ ಬಾಣಂತನ ಮಾಡಿ ಬಂದವಳು ನಮ್ಮ ಅಡಿಗೆಮನೆಯ ಹೊಸ್ತಿಲು ದಾಟಬಾರದು ಎಂದರಂತೆ. ಇವರು ಹೊಸ್ತಿಲನ್ನಲ್ಲ, ಆ ಮನೆಯನ್ನೇ ಬಿಟ್ಟರು. ಅರವತ್ತರ ದಶಕದ ಆರಂಭದಲ್ಲಿ ಸರ್ಕಾರಿ ನರ್ಸಾಗಿ ಸಿರುಗುಪ್ಪಕ್ಕೆ ಬಂದಾಗ ಒಂಟಿ ವಿಧವೆಗೆ ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ಆಗ ಗೊಬ್ಬರದಂಗಡಿ ಇಟ್ಟುಕೊಂಡು, ಸಂಜೆ ಹೊತ್ತು ಪಕ್ಷದ ಕೆಲಸ ಮಾಡುತ್ತಿದ್ದ ಒಬ್ಬರು, ಪಕ್ಷದ ಕಚೇರಿಯಿದ್ದ ಕಟ್ಟಡದ ಹಿಂದಿನ ಕೋಣೆಯನ್ನು ಕೊಡಿಸಿದರು. ಅವರೇ ಮುಂದೆ ನಮ್ಮ ತಾಲ್ಲೂಕು ಬೋರ್ಡಿನ ಅಧ್ಯಕ್ಷರಾದವರು. ನರ್ಸಮ್ಮ ಆ ಕೋಣೆಯಲ್ಲಿ ಏಳು ವರ್ಷ ಇದ್ದರು. ಅವರ ಪಾಲಿಗೆ ಪಕ್ಷವೆಂದರೆ ಮೊದಲಿಗೆ ಒಂದು ಬಾಗಿಲು, ಒಂದು ಚಿಲಕ. ಒಳಗಿನಿಂದ ಹಾಕಿಕೊಂಡು ನೆಮ್ಮದಿಯಾಗಿ ಮಲಗಬಹುದಾದ ಜಾಗ. ಸಿದ್ಧಾಂತ ಆಮೇಲೆ ಬಂತು.

ಎಪ್ಪತ್ತರ ದಶಕದ ಕೊನೆಗೆ ನೌಕರಿ ಬಿಟ್ಟು, ಬೋರ್ಡಿನ ಚುನಾವಣೆಗೆ ನಿಂತು ಗೆದ್ದರು. ನಾನು ಆಗ ಬೋರ್ಡಿನ ಕಚೇರಿಯಲ್ಲಿ ಗುಮಾಸ್ತ. ಸಂಗನಕಲ್ಲಿನವನು, ಹೊಸದಾಗಿ ಕೆಲಸಕ್ಕೆ ಸೇರಿದವನು. ಸಭೆಯಲ್ಲಿ ಯಾರು ಏನೆಂದರು ಎಂಬ ನಡಾವಳಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಮೊದಲ ಸಭೆಯ ದಿನ ಎಲ್ಲ ಸದಸ್ಯರೂ ಜರಿಯಂಚಿನ ಪಂಚೆ, ರೇಷ್ಮೆ ಶಲ್ಯದಲ್ಲಿ ಬಂದಿದ್ದರೆ ಇವರು ಅದೇ ನರ್ಸಿನ ಬಿಳಿ ಸೀರೆಯಲ್ಲಿ ಬಂದು, ಹೊರಗಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ಒಳಗೆ ಬಂದರು. ಯಾಕೆಂದು ಯಾರೋ ಕೇಳಿದ್ದಕ್ಕೆ, "ರೂಢಿ ಆಗಿಬಿಟ್ಟೈತ್ರಿ. ಕೈ ತೊಳಕೊಳ್ಳದ ಯಾ ಕೆಲಸಾನೂ ಶುರು ಮಾಡಾಕ ಮನಸು ಬರಂಗಿಲ್ಲ," ಎಂದರು. ಮೂರು ತಿಂಗಳಾಗುವುದರೊಳಗೆ ಅಧ್ಯಕ್ಷರೂ ಒಳಗೆ ಬರುವ ಮುಂಚೆ ತೊಟ್ಟಿಯ ಹತ್ತಿರ ನಿಲ್ಲತೊಡಗಿದ್ದರು.

ಸಭೆಯಲ್ಲಿ ಅವರ ಕುರ್ಚಿ ನನ್ನ ಮೇಜಿನ ಪಕ್ಕದಲ್ಲೇ. ಕೆಲವು ಸದಸ್ಯರು ಎದ್ದು ನಿಂತರೆ ಅರ್ಧ ಗಂಟೆ ಕೂರುತ್ತಿರಲಿಲ್ಲ, ವಿಷಯಕ್ಕೂ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನರ್ಸಮ್ಮ ತಲೆ ಎತ್ತದೆ, ನನಗೆ ಮಾತ್ರ ಕೇಳುವಂತೆ "ಸುಳ್ಳು ಬ್ಯಾನಿ" ಎನ್ನುತ್ತಿದ್ದರು. ಹೆರಿಗೆಗೆ ಮುಂಚೆ ಬಂದು ಹೆದರಿಸಿ ಹೋಗುವ ಹುಸಿನೋವಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಗು ತಡೆಯಲಾರದೆ ನಾನು ಎರಡು ಮೂರು ಸಲ ಮಸಿ ಚೆಲ್ಲಿಕೊಂಡಿದ್ದೇನೆ.

ಅವರ ಪಕ್ಷನಿಷ್ಠೆಯ ರೀತಿ ಬೇರೆ. ಪಕ್ಷದ ಒಳಗಿನ ಸಭೆಗಳಲ್ಲಿ ಅವರಷ್ಟು ಬಿರುಸಾಗಿ ಬೈಯುವವರು ಇನ್ನೊಬ್ಬರಿರಲಿಲ್ಲವಂತೆ. ಹೊರಗೆ ಮಾತ್ರ ಒಂದು ಮಾತು ಸಹಿಸುತ್ತಿರಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಚಹಾ ಕುಡಿಯುತ್ತ, ನಿಮ್ಮ ಪಕ್ಷದವರು ಹಾಗೆ ಮಾಡಬಾರದಿತ್ತು ಎಂದು ಏನೋ ಅಂದೆ. ನಾನು ಹೇಳಿದ್ದು ನಿಜವೆಂದು ಅವರಿಗೂ ಗೊತ್ತಿತ್ತು. "ಅವರನ್ನ ಬೈಯಾಕ ನಾ ಅದೀನಿ ತಮ್ಮಾ. ನೀ ಚಾ ಕುಡಿ," ಎಂದರು.

ಇಂಥವರು ಪಕ್ಷದ ವಿರುದ್ಧ ಮತ ಹಾಕಿದ್ದು ಹೇಗೆ ಎಂಬುದನ್ನು ಹೇಳಬೇಕು.

ಅಧ್ಯಕ್ಷರಿಗೆ ಒಂದು ಕನಸಿತ್ತು. ಡಾಕ್ಟರು, ನರ್ಸು, ಔಷಧಿ ಎಲ್ಲ ತುಂಬಿಕೊಂಡು ವಾರಕ್ಕೊಮ್ಮೆ ಪ್ರತಿ ಹಳ್ಳಿಗೆ ಹೋಗುವ ಒಂದು ವ್ಯಾನು. ಜನ ಅದಕ್ಕೆ ಬರುವ ಮೊದಲೇ ದವಾಖಾನಿ ಗಾಡಿ ಎಂದು ಹೆಸರಿಟ್ಟಿದ್ದರು. ಎಷ್ಟೋ ಸಲ ಬೆಂಗಳೂರಿಗೆ ಓಡಾಡಿ, ಅಧಿಕಾರಿಗಳ ಬಾಗಿಲು ಕಾದು, ಅಧ್ಯಕ್ಷರು ಅದನ್ನು ಮಂಜೂರಾತಿಯ ಹತ್ತಿರಕ್ಕೆ ತಂದಿದ್ದರು. ಬೋರ್ಡು ಒಪ್ಪಿ ಠರಾವು ಮಾಡಿ ಕಳಿಸಿದರೆ ಗಾಡಿ ಬರುತ್ತಿತ್ತು. ಆದರೆ ಗಾಡಿ ನಡೆಸುವ ಖರ್ಚಿಗೆ ಹಳ್ಳಿಯ ದೊಡ್ಡ ರೈತರು ಮನೆ ಕಂದಾಯದ ಜೊತೆಗೆ ಇನ್ನಷ್ಟು ಕೊಡಲು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಪಂಚಾಯಿತಿ ಪಟ್ಟಿಯಲ್ಲಿ ಮನೆ ನಂಬರು ಇದ್ದವರಿಗೆ ಮಾತ್ರ ಚೀಟಿ, ಚೀಟಿ ಇದ್ದವರಿಗೆ ಮಾತ್ರ ಗಾಡಿ.

ನಮ್ಮ ತಾಲ್ಲೂಕನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು. ಕಾಲುವೆ ಬಂದ ಮೇಲೆ ಇಲ್ಲಿ ಭತ್ತ ಬಂತು, ಭತ್ತದ ಜೊತೆ ನಾಟಿ ಹಾಕುವವರು ಬಂದರು. ಆಂಧ್ರದ ಕಡೆಯಿಂದ, ಕೆಳಗಿನ ಬರದ ಹಳ್ಳಿಗಳಿಂದ ಬಂದ ಕೂಲಿಗಳು ಕಾಲುವೆಯ ದಂಡೆಗುಂಟ ಗುಡಿಸಲು ಹಾಕಿಕೊಂಡು ವರ್ಷಾನುಗಟ್ಟಲೆ ಅಲ್ಲೇ ಉಳಿದರು. ಆ ಗುಡಿಸಲುಗಳಿಗೆ ನಂಬರಿರಲಿಲ್ಲ. ಇಡೀ ದಿನ ಕೆಸರಿನಲ್ಲಿ ನಿಲ್ಲುವ ಆ ಹೆಂಗಸರ ಹೆರಿಗೆಗಳನ್ನು ನರ್ಸಮ್ಮ ಹದಿನೈದು ವರ್ಷ ಮಾಡಿಸಿದ್ದರು.

ಸಭೆಯ ಹಿಂದಿನ ದಿನ ಬೆಳಿಗ್ಗೆ, ವಿಷಯಪಟ್ಟಿಗೆ ಸಹಿ ಹಾಕಿಸಿಕೊಳ್ಳಲು ನಾನು ಅಧ್ಯಕ್ಷರ ಮನೆಗೆ ಹೋಗಿದ್ದೆ. ನರ್ಸಮ್ಮ ಬಂದರು. ಕೂರೆಂದರೂ ಕೂರಲಿಲ್ಲ.

"ಅಣ್ಣಾರ, ನಾಳಿ ಸಭಾದಾಗ ನಾ ಗಾಡಿಗೆ ಬ್ಯಾಡ ಅಂತ ಕೈ ಎತ್ತತೀನಿ. ನಿಮಗ ಮೊದ್ಲ ಹೇಳಿ ಹೋಗೋಣಂತ ಬಂದೆ."

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. ಸಿಟ್ಟು ಬಂದರೆ ಅವರ ದನಿ ಇಳಿಯುತ್ತಿತ್ತು.

"ನಾ ಎಷ್ಟು ಸಲ ಬೆಂಗಳೂರಿಗೆ ಹೋಗಿ ಬಂದೀನಿ, ಗೊತ್ತೈತೇನು ತಂಗಿ ನಿನಗ?"

"ಗೊತ್ತೈತಿ. ಅದಕ್ಕ ನಿಮ್ಮ ಮುಂದ ಬಂದು ನಿಂತೀನಿ."

"ಮೊದ್ಲು ಗಾಡಿ ಬರ್ಲಿ. ಒಂದು ವರ್ಷ ಕಳೀಲಿ. ಆಮ್ಯಾಲ ಕಾಲುವಿ ಮಂದೀನೂ ಸೇರಿಸೋಣು. ನಾ ಮಾತು ಕೊಡ್ತೀನಿ."

"ನಿಮ್ಮ ಮಾತು ನಾ ನಂಬತೀನಿ. ಆದ್ರ ಬರೋ ವರ್ಷ ಆ ಕುರ್ಚ್ಯಾಗ ನೀವ ಇರ್ತೀರಿ ಅಂತ ಮಾತು ಕೊಡಾವ್ರು ಯಾರು?"

"ನೀ ಬ್ಯಾಡ ಅಂದ್ರ ಯಾರ ಜೋಡಿ ಕೈ ಎತ್ತಿದಂಗ ಆಗತೈತಿ, ವಿಚಾರ ಮಾಡೀಯೇನು? ಆ ವಿರೋಧ ಪಾರ್ಟಿಯವರಿಗೆ ಕಾಲುವಿ ಮಂದಿ ಬೇಕಾಗಿಲ್ಲ, ಹಳ್ಳಿ ಮಂದೀನೂ ಬೇಕಾಗಿಲ್ಲ. ನಾ ಬಿದ್ರ ಸಾಕಾಗೈತಿ."

"ಮಾಡೀನಿ. ಅದ ನನಗ ಭಾಳ ಸಂಕಟ ಆಗೈತಿ. ಗಾಡಿ ಕಾಲುವಿ ದಂಡಿ ಮ್ಯಾಲ ಹೋಗತೈತಿ ಅಣ್ಣಾರ. ಬ್ಯಾರೆ ದಾರಿ ಇಲ್ಲ. ಆ ಗುಡಿಸಲ ಮುಂದ ಹಾದು ಹೋಗತೈತಿ. ಬಸುರಿ ಹೆಣ್ಮಕ್ಳು ಬಾಗಲದಾಗ ನಿಂತು ನೋಡ್ತಿರ್ತಾರ. ನಿಲ್ಲಿಸಬ್ಯಾಡ ಅಂತ ನಾವ ಬರದು ಕೊಟ್ಟಿರ್ತೀವಿ. ಅದಕ್ಕ ಹೆಂಗ ಕೈ ಎತ್ಲಿ?"

ನರ್ಸಮ್ಮ ಅಧ್ಯಕ್ಷರಿಗೂ ನನಗೂ ಕೈ ಮುಗಿದು ಹೋದರು. ಅವರು ಓಣಿ ದಾಟುವವರೆಗೂ ನೋಡುತ್ತಿದ್ದು ಅಧ್ಯಕ್ಷರು ಹೇಳಿದರು: "ಬ್ಯಾರೆ ಯಾರರ ಆಗಿದ್ರ ಹೇಳದ ಕೇಳದ ಸಭಾದಾಗ ಕೈ ಎತ್ತತಿದ್ರು."

ಮರುದಿನದ ಸಭೆಯ ನಡಾವಳಿ ಬರೆದದ್ದು ನಾನೇ. ನರ್ಸಮ್ಮ ಮೊದಲು ತಿದ್ದುಪಡಿ ತಂದರು. ನಂಬರು ಇರಲಿ ಬಿಡಲಿ, ತಾಲ್ಲೂಕಿನಲ್ಲಿ ನೆಲೆಸಿದ ಎಲ್ಲರಿಗೂ ಎಂದು ಒಂದು ಸಾಲು ಸೇರಿಸಿ ಎಂದರು. ಅವರ ಪಕ್ಷದವರೇ ಅನುಮೋದಿಸಲಿಲ್ಲ. ವಿರೋಧ ಪಕ್ಷದವರಂತೂ ಆಸೆಯಿಂದ ಕಾಯುತ್ತಿದ್ದರು, ಅದಕ್ಕೆ ಬೆಂಬಲ ಕೊಟ್ಟು ಆಟ ಕೆಡಿಸಿಕೊಳ್ಳುವಷ್ಟು ದಡ್ಡರಲ್ಲ. ತಿದ್ದುಪಡಿ ಬಿತ್ತು. ಆಮೇಲೆ ಮೂಲ ಠರಾವು ಮತಕ್ಕೆ ಬಂತು. ಪರವಾಗಿ ಇರುವವರು ಎಂದಾಗ ಪಕ್ಷದ ಕೈಗಳೆಲ್ಲ ಎದ್ದವು, ಅವರದೊಂದು ಏಳಲಿಲ್ಲ. ವಿರೋಧ ಎಂದಾಗ ಅವರು ಕೈ ಎತ್ತಿದರು. ನಾನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಒಂದೇ ಒಂದು ಮತದಿಂದ ಠರಾವು ಬಿತ್ತು.

ಆ ಕಡೆಯವರು ಮೇಜು ಕುಟ್ಟಿದರು. ಅವರ ಮುಖಂಡ ಎದ್ದು ಬಂದು ನರ್ಸಮ್ಮನವರಿಗೆ ಬಗ್ಗಿ ನಮಸ್ಕಾರ ಮಾಡಿದ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, "ನಿಮ್ಮ ಸಲುವಾಗಿ ಎತ್ತಿಲ್ರಿ," ಎಂದರು. ಅವನು ನಗುತ್ತಲೇ ಹೋದ. ನನಗೆ ಆ ದಿನ ನರ್ಸಮ್ಮನವರ ಮೇಲೆ ಸಿಟ್ಟು ಬಂದಿತ್ತು. ಬರುತ್ತಿದ್ದ ಗಾಡಿಯನ್ನು ಇವರೇ ಹಿಂದಕ್ಕೆ ಕಳಿಸಿದರಲ್ಲ ಎಂದು. ಆ ಸಿಟ್ಟು ತಪ್ಪೋ ಸರಿಯೋ, ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ.

ಸಭೆ ಮುಗಿದ ಮೇಲೆ ಅವರು ಮನೆಗೆ ಹೋಗಲಿಲ್ಲ. ನೇರ ಪಕ್ಷದ ಕಚೇರಿಗೆ ಹೋಗಿ, ದಿನವೂ ಕೂರುತ್ತಿದ್ದ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಅಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹೊರಗೆ ಹೋದರಂತೆ. ಇವರು ದೀಪ ಹಚ್ಚುವ ಹೊತ್ತಿನವರೆಗೆ ಒಬ್ಬರೇ ಕೂತಿದ್ದು, ಕಸ ಗುಡಿಸಿ, ಬಾಗಿಲು ಹಾಕಿಕೊಂಡು ಕೀಲಿಯನ್ನು ಅಧ್ಯಕ್ಷರ ಮನೆಗೆ ಮುಟ್ಟಿಸಿದರು. ವಾರದೊಳಗೆ ಅಮಾನತಿನ ಕಾಗದ ಬಂತು. ಓದಿ ಮಡಚಿ ಟ್ರಂಕಿನಲ್ಲಿಟ್ಟರು. ಮುಂದಿನ ಚುನಾವಣೆ ಬಂದಾಗ ಅದೇ ಪಕ್ಷಕ್ಕೆ ಮನೆಮನೆ ತಿರುಗಿ ಓಟು ಕೇಳಿದರು. ನಿಮ್ಮನ್ನು ತೆಗೆದುಹಾಕಿದ್ದಾರಲ್ಲ ಎಂದು ನಾನೇ ಕೇಳಿದ್ದೆ. "ತಗದಾರ. ಓಟು ಕೇಳಬ್ಯಾಡ ಅಂತ ಅದರಾಗ ಬರದಿಲ್ಲ," ಎಂದರು.

ಗಾಡಿ ಬೇರೆ ಕಡೆಗೆ ಹೋಯಿತು. ಆಮೇಲೆ ಮತ್ತೆ ಬೆಂಗಳೂರಿಗೆ ಹೋದ ಅಧ್ಯಕ್ಷರಿಗೆ, ನಿಮ್ಮ ಬೋರ್ಡೇ ಬೇಡವೆಂದಿದೆಯಲ್ಲ ಎಂಬ ಉತ್ತರ ಸಿಕ್ಕಿತು.

ಮುಂದಿನ ಬೇಸಿಗೆಯಲ್ಲಿ, ಪಂಚಾಯಿತಿಯ ಕೆಲಸಕ್ಕೆಂದು ನಾನು ದೇಶನೂರಿಗೆ ಹೊರಟಿದ್ದೆ. ಬಸ್ಸಿನಲ್ಲಿ ನರ್ಸಮ್ಮ ಸಿಕ್ಕರು. ಅಲ್ಲಿ ವಾಂತಿಭೇದಿ ಎದ್ದಿದೆಯೆಂದು ಕೇಳಿ ಹೊರಟಿದ್ದರು. ಊರೊಳಗೆ ನಡೆದು ಹೋಗುವಾಗ ಒಂದು ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ಇವರನ್ನು ತಡೆದು ನಿಲ್ಲಿಸಿದಳು. ಮೂವತ್ತರ ಒಳಗಿನವಳು. ಮೂರು ವಾರದ ಹಿಂದೆ ಅವಳ ಐದು ವರ್ಷದ ಮಗಳು ಹೋಗಿತ್ತು. ಬೆಳಿಗ್ಗೆ ವಾಂತಿ ಶುರುವಾಗಿ, ಮಧ್ಯಾಹ್ನ ಬಂಡಿ ಕಟ್ಟಿ, ಸಿರುಗುಪ್ಪದ ದಾರಿಯಲ್ಲೇ ಜೀವ ಬಿಟ್ಟಿತ್ತಂತೆ. ಅವಳು ಅಳುತ್ತಿರಲಿಲ್ಲ.

"ನಮ್ಮೂರಿಗೆ ದವಾಖಾನಿ ಗಾಡಿ ಬರೋದಿತ್ತಂತ. ನೀವ ಬ್ಯಾಡ ಅಂದ್ರಂತ. ಹೌದೇನ್ರಿ?"

"ಹೌದವ್ವ," ಎಂದರು ನರ್ಸಮ್ಮ.

"ದೇಶನೂರಿಗೆ ಗುರುವಾರ ಪಾಳಿ ಇತ್ತಂತ. ಆವತ್ತು ಗುರುವಾರ ಇತ್ತು."

ನಾನು ನರ್ಸಮ್ಮನವರ ಮುಖ ನೋಡಿದೆ. ಆ ಹೆಂಗಸು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನರ್ಸಮ್ಮ ಅಲ್ಲೇ ಎದುರಿನ ಕಟ್ಟೆಯ ಮೇಲೆ ಕೂತರು. ನಾನು ನನ್ನ ಕೆಲಸ ಮುಗಿಸಿ ಬರುವಾಗ ಅವರು ಅದೇ ಕಟ್ಟೆಯ ಮೇಲೆ ಹತ್ತು ಹದಿನೈದು ಹೆಂಗಸರನ್ನು ಕೂರಿಸಿಕೊಂಡು, ನೀರಿಗೆ ಎಷ್ಟು ಉಪ್ಪು ಎಷ್ಟು ಸಕ್ಕರೆ ಹಾಕಿ ಕುಡಿಸಬೇಕು ಎಂದು ಮಾಡಿ ತೋರಿಸುತ್ತಿದ್ದರು. ಎದುರಿನ ಬಾಗಿಲು ಮುಚ್ಚಿಯೇ ಇತ್ತು.

ಹಿಂದಿರುಗುವ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ. "ಯಾಕ ಬ್ಯಾಡ ಅಂದ್ರಿ ಅನ್ನೋದನ್ನ ಆಕಿಗೆ ಹೇಳಬೇಕಾಗಿತ್ತಲ್ರಿ ಅಮ್ಮಾರ."

"ಮಗಳನ್ನ ಕಳಕೊಂಡಾಕಿ ಮುಂದ ಕಾರಣ ಹೇಳಾಕ ಹೋದ್ರ ಅದು ಕಾರಣ ಆಗಂಗಿಲ್ಲ ತಮ್ಮಾ, ನೆಪ ಆಗತೈತಿ."

ಆ ಮುಂದಿನ ಗುರುವಾರದಿಂದ ಅವರು ದೇಶನೂರಿಗೆ ಹೋಗತೊಡಗಿದರು. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಯಾರದೋ ಬಂಡಿ, ಅದೂ ಇಲ್ಲದಿದ್ದರೆ ನಡಿಗೆ. ಒಂದು ಚರ್ಮದ ಚೀಲ, ಅದರಲ್ಲಿ ಗಾಯಕ್ಕೆ ಹಚ್ಚುವ ಔಷಧಿ, ಜ್ವರದ ಗುಳಿಗೆ, ಥರ್ಮಾಮೀಟರು. ಆ ಮನೆಯ ಎದುರಿನ ಕಟ್ಟೆಯ ಮೇಲೆ ಕೂತು ಬಂದವರನ್ನು ನೋಡುತ್ತಿದ್ದರು. ಕೈ ಮೀರಿದ್ದನ್ನು ತಾವೇ ಜೊತೆ ನಿಂತು ದೊಡ್ಡ ಆಸ್ಪತ್ರೆಗೆ ಕರೆತರುತ್ತಿದ್ದರು. ಉಳಿದ ದಿನ ಕಾಲುವೆ ದಂಡೆ. ಅಲ್ಲಿನ ಹೆಂಗಸರಿಗೆ ತಮಗಾಗಿ ಒಬ್ಬರು ಕೈ ಎತ್ತಿ ಪಕ್ಷ ಕಳೆದುಕೊಂಡದ್ದು ಗೊತ್ತೇ ಇರಲಿಲ್ಲ. ಯಾಕೆ ಹೇಳಿಲ್ಲವೆಂದು ಕೇಳಿದಾಗ ನರ್ಸಮ್ಮ, "ಏನಂತ ಹೇಳ್ಲಿ? ನಿಮಗ ಇಲ್ಲಂತ ಬ್ಯಾರೆವರಿಗೂ ಇಲ್ದಂಗ ಮಾಡೀನಿ ಅಂತ ಹೇಳ್ಲೇನು?" ಎಂದರು. ಆ ಮಾತಿನಲ್ಲಿ ಕಹಿ ಇರಲಿಲ್ಲ. ಆದರೆ ಅವರು ನಗಲೂ ಇಲ್ಲ.

ಬೋರ್ಡಿನ ಅವಧಿ ಮುಗಿಯಿತು. ಕೆಲ ವರ್ಷ ಚುನಾವಣೆಯಿಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ಎಂಬತ್ತರ ದಶಕದ ಕೊನೆಗೆ ಜಿಲ್ಲಾ ಪರಿಷತ್ತುಗಳು ಬಂದವು. ನಾನು ವರ್ಗವಾಗಿ ಬಳ್ಳಾರಿಗೆ ಬಂದು ಪರಿಷತ್ತಿನ ಕಚೇರಿ ಸೇರಿದೆ. ನಮ್ಮ ಹಳೆಯ ಅಧ್ಯಕ್ಷರು ಚುನಾವಣೆಗೆ ನಿಲ್ಲುವುದನ್ನು ಬಿಟ್ಟಿದ್ದರೂ ಪಕ್ಷದಲ್ಲಿ ಅವರ ಮಾತು ನಡೆಯುತ್ತಿತ್ತು. ಅವರೇ ಪಟ್ಟು ಹಿಡಿದು ಗಾಡಿಯ ಯೋಜನೆಯನ್ನು ಮತ್ತೆ ಎಬ್ಬಿಸಿದರು. ಈ ಸಲದ ಕರಡು ನನ್ನ ಮೇಜಿಗೆ ಬಂದಾಗ ನಾನು ಮೊದಲು ಹುಡುಕಿದ್ದು ಒಂದೇ ಸಾಲನ್ನು. ಇತ್ತು. ಚೀಟಿ ಇಲ್ಲ, ನಂಬರು ಇಲ್ಲ, ಕಾಲುವೆ ದಂಡೆಯ ಗುಡಿಸಲುಗಳೂ ಸೇರಿ ಎಲ್ಲರಿಗೂ ಎಂದಿತ್ತು. ಆದರೆ ಬೇರೊಂದು ಕೊರತೆ ಇತ್ತು. ಹಣ ಸಾಲದೆಂದು ಗಾಡಿಯಿಂದ ಡಾಕ್ಟರನ್ನು ತೆಗೆದಿದ್ದರು. ಒಬ್ಬ ನರ್ಸು, ಒಬ್ಬ ಕಂಪೌಂಡರು ಮಾತ್ರ.

ಕುರುಗೋಡಿನ ಕಡೆಯಿಂದ ಗೆದ್ದು ಬಂದ ಅದೇ ಪಕ್ಷದ ಸದಸ್ಯರೊಬ್ಬರು ಇದಕ್ಕೆ ಅಡ್ಡ ನಿಂತರು. ವಕೀಲಿಕೆ ಮಾಡುತ್ತಿದ್ದವರು, ಮೂವತ್ತೈದರ ವಯಸ್ಸು. ಡಾಕ್ಟರಿಲ್ಲದ ಗಾಡಿ ಬಡವರ ಕಣ್ಣಿಗೆ ಮಣ್ಣೆರಚುವುದು, ನಾನು ವಿರುದ್ಧ ಮತ ಹಾಕುತ್ತೇನೆ ಎಂದರು. ಅವರ ಜೊತೆ ಇನ್ನೂ ಮೂವರು ನಾಲ್ವರು ಹೊರಟಿದ್ದರು. ಠರಾವು ಮತ್ತೆ ತೂಗುಯ್ಯಾಲೆಯಲ್ಲಿ ನಿಂತಿತು.

ಹಳೆಯ ಅಧ್ಯಕ್ಷರು ಒಂದು ಬೆಳಿಗ್ಗೆ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಸಿರುಗುಪ್ಪಕ್ಕೆ, ನರ್ಸಮ್ಮನವರ ಮನೆಗೆ ಬಂದರು. ಅಮಾನತಿನ ಕಾಗದ ಕಳಿಸಿದ ಮೇಲೆ ಅಧ್ಯಕ್ಷರು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನರ್ಸಮ್ಮ ಚಾಪೆ ಹಾಸಿ, ನೀರು ಕೊಟ್ಟು, "ಅತ್ತಿಗಿ ಆರಾಮ ಅದಾರೇನ್ರಿ?" ಎಂದು ಕೇಳಿದರು, ಮೊನ್ನೆ ತಾನೆ ಭೇಟಿಯಾದವರ ಹಾಗೆ.

"ಕುರುಗೋಡಿನ ಆ ವಕೀಲನಿಗೆ ನೀ ಒಂದು ಮಾತು ಹೇಳಬೇಕು ತಂಗಿ. ಅಂವ ಯಾರ ಮಾತೂ ಕೇಳವಲ್ಲ. ನಿನ್ನ ಹೆಸರು ಹೇಳಿಕ್ಯಾಂತ ಕುಂತಾನ."

"ನಾ ಪಾರ್ಟ್ಯಾಗ ಇಲ್ಲಲ್ರಿ ಅಣ್ಣಾರ."

ಅಧ್ಯಕ್ಷರು ತಲೆ ತಗ್ಗಿಸಿದರು. ಅವರನ್ನು ಹಂಗಿಸುವುದು ನರ್ಸಮ್ಮನವರ ಉದ್ದೇಶವಾಗಿರಲಿಲ್ಲವೆಂದು ನನಗನ್ನಿಸುತ್ತದೆ. ಇದ್ದದ್ದನ್ನು ಹೇಳಿದ್ದರು, ಅಷ್ಟೇ. ತುಸು ಹೊತ್ತಿನ ಮೇಲೆ, "ಹೋಗ್ತೀನಿ. ಆದ್ರ ಹಿಂಗ ಮಾಡು ಅಂತ ಹೇಳಾಕ ಆಗಂಗಿಲ್ಲ. ಏನು ಆತು ಅಂತ ಹೇಳಿ ಬರ್ತೀನಿ," ಎಂದರು. ಜೀಪು ಬೇಡವೆಂದು ಬಸ್ಸಿಗೇ ಹೊರಟರು. ನೀನೂ ಜೊತೆಗೆ ಹೋಗು ಎಂದು ಅಧ್ಯಕ್ಷರು ನನಗೆ ಸನ್ನೆ ಮಾಡಿದರು.

ವಕೀಲರ ಮನೆ ಕುರುಗೋಡಿನ ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅವರು ನರ್ಸಮ್ಮನವರ ಕಾಲು ಮುಟ್ಟಿ ನಮಸ್ಕರಿಸಿದರು. "ನಾ ಕಾಲೇಜಿನ್ಯಾಗ ಇದ್ದಾಗ ನಿಮ್ಮ ವಿಷಯ ಕೇಳಿದ್ದೆ ಅಮ್ಮಾರ. ಇವತ್ತು ನಾ ನಿಂತಿರೋದು ನೀವು ತೋರಿಸಿದ ದಾರ್ಯಾಗ."

ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಯಾವ ಪೀಠಿಕೆಯೂ ಇಲ್ಲದೆ ದೇಶನೂರಿನ ಆ ಬಾಗಿಲ ಮುಂದೆ ನಡೆದದ್ದನ್ನು ಹೇಳಿದರು. ಗುರುವಾರ ಎಂಬ ಮಾತನ್ನೂ ಬಿಡಲಿಲ್ಲ. ವಕೀಲರ ಮುಖ ನೋಡನೋಡುತ್ತ ಬದಲಾಯಿತು.

"ಹಂಗಾದ್ರ ನನಗ ಪರವಾಗಿ ಕೈ ಎತ್ತು ಅಂತೀರೇನು?"

"ಅನ್ನಂಗಿಲ್ಲ. ದೇಶನೂರಿಗೆ ಹೋಗು. ಆ ತಾಯೀನ ಕಂಡು ಬಾ. ಬರ್ತಾ ಕಾಲುವಿ ದಂಡಿ ಮ್ಯಾಲ ಆ ಗುಡಿಸಲಾಗಿನವರನ್ನೂ ಕಂಡು ಬಾ. ಎರಡೂ ಕಡಿ ಹೋಗಿ ಬಂದು ಯಾ ಕಡಿ ಎತ್ತಿದ್ರೂ ನಾ ಬೈಯಂಗಿಲ್ಲ. ನಾ ಒಂದ ಕಡಿ ಹೋಗಿದ್ದೆ. ಒಂದ ಕಡಿ ಮಂದಿ ಮಾರಿ ನೋಡಿಕ್ಯಾಂತ ಕೈ ಎತ್ತಿದೆ."

ವಕೀಲರು ಕೇಳಿದರು. "ಅದ ಠರಾವು ಇವತ್ತು ನಿಮ್ಮ ಮುಂದ ಬಂದ್ರ ಏನು ಮಾಡ್ತೀರಿ?"

"ಬ್ಯಾಡಂತನ ಎತ್ತತಿದ್ನೇನೋ," ಎಂದರು ನರ್ಸಮ್ಮ. "ಆ ಗಾಡಿ ಹಂಗ ಹಾದು ಹೋಗೋದನ್ನ ಇವತ್ತೂ ನನಗ ನೋಡಾಕ ಆಗಂಗಿಲ್ಲ. ಆದ್ರ ಎತ್ತಿದ ಮ್ಯಾಲ ಪಾರ್ಟಿ ಆಫೀಸಿಗೆ ಹೋಗಿ ಕುಂದ್ರತಿದ್ದಿಲ್ಲ. ಅವತ್ತ ದೇಶನೂರಿಗೆ ಹೋಗತಿದ್ದೆ. ಹಿಂಗ ಮಾಡೀನಿ ಅಂತ ಅವರಿಗೆ ನಾನ ಹೇಳತಿದ್ದೆ."

ವಕೀಲರು ನಿಜವಾಗಿಯೂ ಹೋಗಿ ಬಂದರು. ಎರಡೂ ಕಡೆ. ಸಭೆಯ ದಿನ ಎದ್ದು ನಿಂತು, ಡಾಕ್ಟರಿಲ್ಲದ ಗಾಡಿ ಅರೆಬರೆ ಕೆಲಸವೆಂದು ತಮ್ಮ ಪಕ್ಷದ ಮುಖಕ್ಕೇ ಹೇಳಿದರು. ತಾವು ಹೇಳಿದ್ದನ್ನು ಒಂದಕ್ಷರ ಬಿಡದೆ ನಡಾವಳಿಯಲ್ಲಿ ಬರೆಯಬೇಕೆಂದು ನನ್ನ ಕಡೆ ನೋಡಿದರು. ಆಮೇಲೆ ಪರವಾಗಿ ಕೈ ಎತ್ತಿದರು. ಅವರ ಜೊತೆಗಿದ್ದವರೂ ಎತ್ತಿದರು. ಗಾಡಿ ಬಂತು. ಡಾಕ್ಟರು ಬರಲು ಇನ್ನೂ ಹಲವು ತಿಂಗಳು ಹಿಡಿಯಿತು, ಅದೂ ಆ ವಕೀಲರು ಪ್ರತಿ ಸಭೆಯಲ್ಲೂ ಎದ್ದು ಜಗಳ ತೆಗೆದದ್ದರಿಂದ. ಬಂದ ಡಾಕ್ಟರು ವಾರ ಬಿಟ್ಟು ವಾರ ಬರುತ್ತಾರೆ.

ಮತ ಹಾಕಿದ ಸಂಜೆ ವಕೀಲರು ನನ್ನ ಮೇಜಿನ ಹತ್ತಿರ ಬಂದು, ದೇಶನೂರಿನಲ್ಲಿ ಆ ತಾಯಿ ಏನೆಂದಳೆಂದು ಹೇಳಿದರು. ನನಗೆ ಅದನ್ನು ಇಟ್ಟುಕೊಂಡು ಕೂರಲಾಗಲಿಲ್ಲ. ಮುಂದಿನ ಭಾನುವಾರವೇ ಸಿರುಗುಪ್ಪಕ್ಕೆ ಹೋದೆ. ನರ್ಸಮ್ಮ ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಮಂಡಿ ಬಾತಿದ್ದವು. ಆಗಲೇ ಆರೋಗ್ಯ ಕೆಡುತ್ತ ಬಂದಿತ್ತೆಂದು ಈಗ ಅನ್ನಿಸುತ್ತದೆ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಹೇಳಿದೆ.

ವಕೀಲರು ಆ ತಾಯಿಯನ್ನು ನರ್ಸಮ್ಮನವರ ವಿಷಯ ಕೇಳಿದರಂತೆ. ಅವಳು ಹೇಳಿದ್ದು ಇಷ್ಟು: "ಗುರುವಾರ ಗುರುವಾರ ನನ್ನ ಮನಿ ಎದುರು ಬಂದು ಕುಂದ್ರತಾಳ. ಇಷ್ಟು ವರ್ಷದಾಗ ಒಂದು ದಿನಾನೂ ಒಳಗ ಕರದಿಲ್ಲ. ಕರಿಯಾಕ ನನ್ನ ಕೈಲೆ ಆಗಿಲ್ಲ. ಆದ್ರ ಆಕಿ ಬರದ ವಾರ ದಾರಿ ನೋಡೀನಿ."

ನರ್ಸಮ್ಮ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಹಾಗೇ ಹಿಡಿದು ನಿಂತರು.

"ಎರಡು ವಾರ ತಪ್ಪಿತ್ತು," ಎಂದರು. "ಟೈಫಾಯಿಡ್ ಬಂದು ಮಲಗಿದ್ದೆ."

ಆಮೇಲೆ ನನ್ನ ಎದುರಿಗೆ ನೆಲದ ಮೇಲೆ, ಮಂಡಿ ನೋವಿನಿಂದ ಕಷ್ಟಪಟ್ಟು ಕೂತರು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೊಂದೇ ಸಲ.

"ಇನ್ನೊಮ್ಮಿ ಹೇಳು ತಮ್ಮಾ," ಎಂದರು. "ಆಕಿ ಹೆಂಗ ಅಂದ್ಲೋ ಹಂಗ ಹೇಳು."

ನಾನು ಇನ್ನೊಮ್ಮೆ ಹೇಳಿದೆ.